ಪೊರಕೆಗೆ ನಿಮ್ಮೂರಲ್ಲಿ ಏನಂತಾರೆ?

ಪ್ರಶ್ನೆ: ಮೇಡಂ, ನಾನು ಚಳ್ಳಕೆರೆ ಕಡೆಯವನು. ಕಂಬಳಿ ನೇಯುವ ಮನೆಗಳ ಬಗ್ಗೆ ಬರೆದ ನನ್ನ ಮೊದಲ ಕಥಾಸಂಕಲನ ಎರಡು ತಿಂಗಳ ಹಿಂದೆ ಬಂತು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಆಕ್ಟಿವ್ ಆಗಿರಿ, ಇಲ್ಲದಿದ್ದರೆ ಪುಸ್ತಕ ಓಡಲ್ಲ ಅಂತ ಪ್ರಕಾಶಕರು ಹೇಳಿದ್ದಾರೆ. ದಿನಾ ಹೋಗುತ್ತೇನೆ. ಬೇರೆಯವರಿಗೆ ಬಂದ ಪ್ರಶಸ್ತಿ, ಬೇರೆಯವರ ಪುಸ್ತಕದ ಎರಡನೇ ಮುದ್ರಣ, ಸಾಹಿತಿಗಳ ಜಗಳ, ಇಷ್ಟನ್ನೇ ನೋಡಿ ವಾಪಸ್ ಬರುತ್ತೇನೆ. ಆಮೇಲೆ ಬರೆಯೋಕೆ ಕೂತರೆ ಕೈ ಓಡುವುದಿಲ್ಲ. ನೀವು ಮಾತ್ರ ಅಲ್ಲಿ ಖುಷಿಯಾಗಿ ಇರುವ ಹಾಗೆ ಕಾಣುತ್ತದೆ. ಅದು ಹೇಗೆ? ನಾನು ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರ ಓದಿದಾಗ 2013ರ ನಾನೇ ನೆನಪಾದೆ. ಬಿಡಿ ಅಂತಲೂ ಹೇಳುವುದಿಲ್ಲ, ಇರಿ ಅಂತಲೂ ಹೇಳುವುದಿಲ್ಲ. ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಅದರಲ್ಲಿ ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ನಾನು ಫೇಸ್‌ಬುಕ್ ಸೇರಿದ್ದು 2011ರಲ್ಲಿ. ಎರಡು ವರ್ಷಕ್ಕೆ ನನ್ನ ಮೊದಲ ಕಾದಂಬರಿ ಬಂತು. ಮುಖಪುಟ ಹಾಕಿದೆ, ಬಿಡುಗಡೆಯ ಫೋಟೋ ಹಾಕಿದೆ, ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನ ಪರಿಚಯವನ್ನೂ ಹಾಕಿದೆ. ಹಾಕಿ ಸುಮ್ನೆ ಇರುವುದಕ್ಕೆ ಆಗುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟವಳ ಹಾಗೆ ಹತ್ತು ನಿಮಿಷಕ್ಕೊಮ್ಮೆ ಬಂದು ನೋಡುತ್ತಿದ್ದೆ. ನಲವತ್ತು ಲೈಕ್ ಬಂದರೆ ಐವತ್ತು ಯಾಕೆ ಬರಲಿಲ್ಲ ಅನ್ನುವ ಯೋಚನೆ. ಅವರು ಯಾಕೆ ಒತ್ತಲಿಲ್ಲ, ನಿನ್ನೆ ಇನ್ನೊಬ್ಬರ ಪೋಸ್ಟಿಗೆ ಒತ್ತಿದ್ದರಲ್ಲ ಅನ್ನುವ ಲೆಕ್ಕ. ಆ ಎರಡು ವರ್ಷದಲ್ಲಿ ನಾನು ಬರೆದದ್ದು ಒಂದೇ ಒಂದು ಕಥೆ. ಅದೂ ಅರ್ಧ ಮನಸ್ಸಿನಲ್ಲಿ ಬರೆದದ್ದು. ಇವತ್ತಿಗೂ ಅದನ್ನು ಯಾವ ಸಂಕಲನಕ್ಕೂ ಸೇರಿಸಿಲ್ಲ.

2015ರ ಮಳೆಗಾಲದಲ್ಲಿ ಇನ್ನೊಂದು ಕಥೆ ಶುರು ಮಾಡಿದೆ. ಅದರಲ್ಲಿ ಕುಂದಾಪುರದ ಕಡೆಯಿಂದ ತುಮಕೂರಿಗೆ ಮದುವೆಯಾಗಿ ಬಂದ ಒಬ್ಬ ಹೆಂಗಸು ಇದ್ದಳು. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾಳೆ. ಕೈಯಲ್ಲಿ ಹಿಡಿದದ್ದನ್ನು ಅವಳು ಏನಂತ ಕರೆಯುತ್ತಾಳೆ? ನಾನು ತುಮಕೂರಿನ ಹತ್ತಿರದವಳು. ನನಗೆ ಪೊರಕೆ ಬಿಟ್ಟು ಬೇರೆ ಹೆಸರು ಗೊತ್ತಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಮನೆಯಲ್ಲಿದೆ. ಆದರೆ ಅಂಗಳದಲ್ಲಿ ನಿಂತ ಆ ಹೆಂಗಸು ಏನು ಹೇಳುತ್ತಾಳೆ ಅಂತ ನಿಘಂಟನ್ನು ಹೇಗೆ ಕೇಳುವುದು? ಫೇಸ್‌ಬುಕ್‌ನಲ್ಲಿ ಒಂದು ಸಾಲು ಬರೆದೆ. ಪೊರಕೆಗೆ ನಿಮ್ಮೂರಲ್ಲಿ ಏನಂತಾರೆ?

ಸಂಜೆಯೊಳಗೆ ನೂರಕ್ಕೂ ಜಾಸ್ತಿ ಉತ್ತರ ಬಂದಿದ್ದವು. ಧಾರವಾಡ, ಗದಗದ ಕಡೆಯಿಂದ ಕಸಬರಿಗೆ. ಮೈಸೂರಿನವರು ಪೊರಕೆ ಅಂದರೆ ಮಂಡ್ಯದವರು ಪರಕೆ ಅಂದರು. ಮಲೆನಾಡಿನಿಂದ ಬರಲು. ಕರಾವಳಿಯಿಂದ ಹಿಡಿಸೂಡಿ. ಒಬ್ಬರು ಬಂದು, ತೆಂಗಿನ ಗರಿಯ ಕಡ್ಡಿಯದು ಅಂಗಳಕ್ಕೆ, ಹುಲ್ಲಿನದು ಮನೆಯೊಳಕ್ಕೆ, ಎರಡಕ್ಕೂ ಒಂದೇ ಹೆಸರು ಹೇಗಾಗುತ್ತದೆ ಅಂತ ನನ್ನನ್ನೇ ಕೇಳಿದರು. ಹೆಸರಿನ ಬೆನ್ನಿಗೆ ಮನೆಗಳೂ ಬಂದವು. ದೀಪ ಹಚ್ಚಿದ ಮೇಲೆ ಗುಡಿಸಬೇಡ ಅನ್ನುತ್ತಿದ್ದ ಅಜ್ಜಿ. ಕಾಲಿಗೆ ತಗುಲಿದರೆ ಮುಟ್ಟಿ ನಮಸ್ಕಾರ ಮಾಡಿಸುತ್ತಿದ್ದ ಅಮ್ಮ. ಅಮೆರಿಕದಲ್ಲಿ ಮಗನ ಮನೆಗೆ ಹೋಗಿದ್ದ ಹಿರಿಯರೊಬ್ಬರು ಅಲ್ಲಿನ ನಡುರಾತ್ರಿಯಲ್ಲಿ ಒಂದು ಇಡೀ ಪುಟ ಬರೆದಿದ್ದರು. ನಿದ್ದೆ ಬರಲಿಲ್ಲ, ಇದನ್ನು ಓದುತ್ತಾ ನಮ್ಮ ಅಂಗಳಕ್ಕೆ ಹೋಗಿ ಬಂದೆ ಅಂತ ಕೊನೆಗೆ ಸೇರಿಸಿದ್ದರು.

ಆ ದಿನ ಎಷ್ಟು ಲೈಕ್ ಬಂತು ಅಂತ ನನಗೆ ನೆನಪಿಲ್ಲ. ನೋಡಲೇ ಇಲ್ಲ. ನೋಡಲಿಲ್ಲ ಅನ್ನುವುದು ಗೊತ್ತಾದದ್ದೇ ಮರುದಿನ.

ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಅಲ್ಲಿಯ ತನಕ ನಾನು ಹೇಳೋಕೆ ಹೋಗುತ್ತಿದ್ದೆ. ಅವತ್ತಿನಿಂದ ಕೇಳೋಕೆ ಹೋಗುತ್ತೇನೆ. ಹೇಳೋಕೆ ಹೋದವರು ಎಷ್ಟು ಜನ ಕೇಳಿಸಿಕೊಂಡರು ಅಂತ ತಲೆ ಎಣಿಸಲೇಬೇಕಾಗುತ್ತದೆ. ಕೇಳೋಕೆ ಹೋದವರಿಗೆ ಒಬ್ಬರು ಉತ್ತರ ಕೊಟ್ಟರೂ ಕೈಯಲ್ಲಿ ಏನೋ ಇರುತ್ತದೆ.

ಈಗ ವಾರಕ್ಕೊಂದು ಪ್ರಶ್ನೆ ಇಡುತ್ತೇನೆ, ಭಾನುವಾರ. ಶನಿವಾರವೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಓದಿದಾಗಲೂ ಉತ್ತರ ತಿಳಿಯುವ ಆಸೆ ನನಗೇ ಇದ್ದರೆ ಮಾತ್ರ ಹಾಕುವುದು. ಉತ್ತರ ಮೊದಲೇ ಗೊತ್ತಿದ್ದು ಸುಮ್ನೆ ಜನರನ್ನು ಮಾತಾಡಿಸೋಕೆ ಕೇಳಿದರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ಮಕ್ಕಳನ್ನು ಮಲಗಿಸೋಕೆ ಯಾರ ಹೆಸರು ಹೇಳಿ ಹೆದರಿಸುತ್ತಿದ್ದರು ಅಂತ ಕೇಳಿದ್ದೆ. ಗುಮ್ಮ ಬಂದ, ಗೊಗ್ಗಯ್ಯ ಬಂದ, ಊರಿನ ಪೋಸ್ಟ್‌ಮ್ಯಾನೂ ಬಂದ. ಅಳಗುಳಿ ಮಣೆ ಬಗ್ಗೆ ಕೇಳಿದಾಗ ಕರಾವಳಿಯವರು ಅದು ಚೆನ್ನೆಮಣೆ ಅಂದರು. ನಾವು ಚಿನ್ನಿದಾಂಡು ಅನ್ನುವುದನ್ನು ಉತ್ತರ ಕರ್ನಾಟಕದಲ್ಲಿ ಚಿಣಿಪಣಿ ಅನ್ನುತ್ತಾರೆ ಅಂತ ತಿಳಿದದ್ದೂ ಹೀಗೆಯೇ.

ಎಲ್ಲಕ್ಕಿಂತ ಸೊಗಸಾದದ್ದು ಕಡುಬು. ನಿಮ್ಮ ಮನೆಯಲ್ಲಿ ಕಡುಬು ಅಂದರೆ ಏನು ಅಂತ ಒಂದು ಸಲ ಕೇಳಿದೆ. ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಕಾಯಿ ಬೆಲ್ಲದ ಹೂರಣ ಇಟ್ಟು ಮಡಿಸುತ್ತಾರಲ್ಲ, ಅದು. ಉಡುಪಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು ಅಕ್ಕಿಯ ಹಿಟ್ಟು ಹೊಯ್ದು ಬೇಯಿಸಿದ್ದರ ಫೋಟೋ ಹಾಕಿದರು. ಧಾರವಾಡದ ಕಡೆಯವರಿಗೆ ಕಡಲೆಬೇಳೆ ಹೂರಣ ಇರಲೇಬೇಕು. ಮಲೆನಾಡಿನವರಿಗೆ ಕಡುಬು ಅಂದರೆ ಅಕ್ಕಿಯ ಉಂಡೆ, ಸಿಹಿ ಇಲ್ಲವೇ ಇಲ್ಲ. ಕೊಡಗಿನಿಂದ ಒಬ್ಬರು ಕಡಂಬುಟ್ಟು ಮತ್ತು ಹಂದಿ ಸಾರು ತೋರಿಸಿದರು. ಯಾವುದು ನಿಜವಾದ ಕಡುಬು ಅಂತ ಸ್ವಲ್ಪ ಹೊತ್ತು ಬಿಸಿ ಬಿಸಿ ಮಾತು ನಡೆಯಿತು. ಆಮೇಲೆ ಬೆಂಗಳೂರಿನ ಒಬ್ಬ ಹುಡುಗ ಮುಂದಿನ ಭಾನುವಾರ ಕೊಟ್ಟೆ ಕಡುಬು ಮಾಡಿ, ಅದರ ಫೋಟೋ ಹಾಕಿ, ಉಡುಪಿಯ ಆ ತಾಯಿಗೆ ಥ್ಯಾಂಕ್ಸ್ ಬರೆದ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ನನಗೆ ಬೇಕಾದದ್ದು ಇಂಥದ್ದೇ. ಒಂದೇ ಭಾಷೆ ಆಡುವ ನಾವು ಎಷ್ಟು ಥರ ಆಡುತ್ತೇವೆ ಅಂತ ಒಂದೇ ಕಡೆ ಕೂತು ಕೇಳುವ ಅವಕಾಶ ನಮ್ಮ ಹಿಂದಿನ ಬರಹಗಾರರಿಗೆ ಇರಲಿಲ್ಲ. ಅವರು ಊರೂರು ತಿರುಗಬೇಕಿತ್ತು.

ಕಾಮೆಂಟುಗಳಿಗೆ ನಾನೇ ಉತ್ತರ ಬರೆಯುತ್ತೇನೆ. ಎಲ್ಲಕ್ಕೂ ಆಗುವುದಿಲ್ಲ, ಆದಷ್ಟಕ್ಕೆ. ಕೈ ಮುಗಿದ ಚಿತ್ರ ಹಾಕಿ ಮುಂದೆ ಹೋಗುವುದಿಲ್ಲ. ನನ್ನ ಮೊದಲ ಕಥೆ ವಾರಪತ್ರಿಕೆಯಲ್ಲಿ ಬಂದಾಗ ಏಳು ಕಾರ್ಡು ಬಂದಿದ್ದವು. ಒಂದೊಂದಕ್ಕೂ ಕೂತು ಉತ್ತರ ಬರೆದಿದ್ದೆ. ಕಾಮೆಂಟನ್ನೂ ಹಾಗೇ ನೋಡಿದರೆ ಕೈ ತಾನಾಗಿ ನಿಧಾನ ಆಗುತ್ತದೆ.

ಇನ್ನು ನಿಮ್ಮ ಸಂಕಟದ ಮಾತು. ಹೋದಾಗಲೆಲ್ಲ ಜಗಳ ಕಾಣುತ್ತದೆ ಅಂದಿರಿ. ಅದಕ್ಕೆ ಕಾರಣ ಇದೆ, ತಿಳಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಫೇಸ್‌ಬುಕ್ ತೆರೆದಾಗ ನಮ್ಮ ಪರಿಚಯದವರು ಬರೆದದ್ದೆಲ್ಲ ನಮಗೆ ಕಾಣುವುದಿಲ್ಲ. ಒಂದು ಲೆಕ್ಕದ ಪ್ರಕಾರ ಆರಿಸಿ ಮೇಲೆ ಕೆಳಗೆ ಇಟ್ಟದ್ದು ಕಾಣುತ್ತದೆ. 2016ರ ಫೆಬ್ರುವರಿಯಲ್ಲಿ ಲೈಕ್ ಪಕ್ಕಕ್ಕೆ ಪ್ರೀತಿ, ನಗು, ಅಚ್ಚರಿ, ದುಃಖ, ಸಿಟ್ಟಿನ ಗುರುತುಗಳು ಬಂದವು, ನೆನಪಿದೆಯಾ? 2017ರಿಂದ ಆ ಲೆಕ್ಕದಲ್ಲಿ ಈ ಒಂದೊಂದು ಗುರುತಿಗೂ ಲೈಕ್‌ನ ಐದರಷ್ಟು ತೂಕ ಇತ್ತು. ಒಬ್ಬರು ಸಿಟ್ಟಿನ ಮುಖ ಒತ್ತಿದರೆ ಐದು ಜನ ಲೈಕ್ ಒತ್ತಿದ ಹಾಗೆ. ಪರಿಚಯದವರ ನಡುವಿನ ಕಾಮೆಂಟು ಮಾತುಕತೆಗೆ ಜಾಸ್ತಿ ಬೆಲೆ ಕೊಡುತ್ತೇವೆ ಅಂತ 2018ರ ಜನವರಿಯಲ್ಲಿ ಕಂಪನಿಯೇ ಹೇಳಿತು. ಕೇಳೋಕೆ ಒಳ್ಳೆಯ ಮಾತು. ಆದರೆ ಜಾಸ್ತಿ ಕಾಮೆಂಟು ಬೀಳುವುದು ಎಲ್ಲಿ? ಇಬ್ಬರು ಲೇಖಕರು ಬೈದಾಡಿಕೊಳ್ಳುವ ಕಡೆ ಅಲ್ವಾ? ಸಿಟ್ಟಿನ ಗುರುತಿನ ತೂಕವನ್ನು 2020ರಲ್ಲಿ ಸೊನ್ನೆಗೆ ಇಳಿಸಿದರು. ಇದೆಲ್ಲ ಜನರಿಗೆ ಗೊತ್ತಾದದ್ದು 2021ರಲ್ಲಿ. ಅಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಎಂಬಾಕೆ ಕಂಪನಿಯ ಒಳಗಿನ ಕಾಗದಗಳನ್ನು ಹೊರಗೆ ತಂದರು.

ಇದನ್ನು ಓದಿದ ದಿನ ನನಗೆ ದೊಡ್ಡ ಸಮಾಧಾನ ಆಯಿತು. ಕನ್ನಡದ ಬರಹಗಾರರೆಲ್ಲ ಬೆಳಗಿಂದ ರಾತ್ರಿಯ ತನಕ ಕಿತ್ತಾಡುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ತಮ್ಮ ಪಾಡಿಗೆ ಬರೆಯುತ್ತಿದ್ದರು. ಅದು ನನ್ನ ತನಕ ಬರುತ್ತಿರಲಿಲ್ಲ, ಅಷ್ಟೇ.

ಜಗಳ ನನ್ನ ಮೇಲೂ ಬಂದಿದೆ. ನನ್ನ ಒಂದು ಕಥೆಯಲ್ಲಿ ಒಬ್ಬ ಕೆಟ್ಟ ಗಂಡಸು ಆಡುವ ಮಾತನ್ನು ಯಾರೋ ಕತ್ತರಿಸಿ, ನೋಡಿ ಈಕೆಯ ಅಭಿಪ್ರಾಯ ಅಂತ ಹಾಕಿದರು. ಮೂರು ದಿನ ಉತ್ತರ ಕೊಟ್ಟೆ. ರಾತ್ರಿ ಎರಡಕ್ಕೆ ಎದ್ದು ಉತ್ತರ ಕೊಟ್ಟೆ. ಮಗಳ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸುವಾಗಲೂ ಮನಸ್ಸು ಫೋನಿನಲ್ಲಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಅವತ್ತಿನಿಂದ ಒಂದು ಕಟ್ಟುಪಾಡು. ತಪ್ಪು ತಿಳಿದವರಿಗೆ ಒಂದೇ ಸಲ, ಪೂರ್ತಿಯಾಗಿ, ಮರ್ಯಾದೆಯಿಂದ ಉತ್ತರ ಬರೆಯುತ್ತೇನೆ. ಎರಡನೇ ಸಲ ಇಲ್ಲ. ಬೈಯೋಕೆ ಅಂತಲೇ ಬಂದವರನ್ನು ಬ್ಲಾಕ್ ಮಾಡುತ್ತೇನೆ. ಯಾಕೆ ಅಂತ ಸಾರುವುದಿಲ್ಲ. ಮನೆ ಬಾಗಿಲು ಹಾಕಿಕೊಳ್ಳುವುದಕ್ಕೆ ಊರಿಗೆ ಡಂಗುರ ಬೇಕಾಗಿಲ್ಲ. ಕಥೆಯ ಕೊರತೆ ತೋರಿಸುವವರು ಬೇರೆ, ಅವರನ್ನು ಬಿಡಬೇಡಿ. ನನ್ನ ಎರಡನೇ ಕಾದಂಬರಿಯಲ್ಲಿ ಸುಗ್ಗಿಯ ತಿಂಗಳು ತಪ್ಪಿದೆ ಅಂತ ಒಬ್ಬ ರೈತರು ಕಾಮೆಂಟಿನಲ್ಲಿ ಬರೆದರು. ಮರುಮುದ್ರಣದಲ್ಲಿ ತಿದ್ದಿದೆ.

ಹೊಟ್ಟೆಕಿಚ್ಚಿನ ಬಗ್ಗೆ ನೀವು ನೇರವಾಗಿ ಬರೆದಿಲ್ಲ, ಆದರೆ ಪ್ರಶಸ್ತಿ, ಎರಡನೇ ಮುದ್ರಣ ಅಂದಾಗ ನನಗೆ ಅರ್ಥ ಆಯಿತು. ನಾಚಿಕೆ ಪಡಬೇಡಿ. ಬರೆಯುವವರಿಗೆಲ್ಲ ಅದು ಇರುತ್ತದೆ. ಪ್ರಶಸ್ತಿಯ ಪಟ್ಟಿ ಬಂದ ದಿನ ನಾನು ಗೋಡೆಯ ಮೇಲೆ ಅಭಿನಂದನೆ ಬರೆಯುವುದಿಲ್ಲ. ಪಟ್ಟಿಯಲ್ಲಿ ಇರುವವರ ಪುಸ್ತಕ ಓದಿದ್ದರೆ ಅವರಿಗೇ ಮೆಸೇಜ್ ಕಳಿಸುತ್ತೇನೆ, ಇಂಥ ಪುಟದ ಇಂಥ ಸಾಲು ನನ್ನಲ್ಲಿ ಉಳಿದಿದೆ ಅಂತ. ಓದಿಲ್ಲದಿದ್ದರೆ ಪುಸ್ತಕ ತರಿಸುತ್ತೇನೆ. ಪುಸ್ತಕ ಕೈಗೆ ಬಂದು ಹತ್ತು ಪುಟ ಓದಿದ ಮೇಲೆ ಕಿಚ್ಚು ಉಳಿಯುವುದು ಕಷ್ಟ. ಓದುವ ಖುಷಿ ಅದಕ್ಕಿಂತ ದೊಡ್ಡದು.

ಗುಂಪಿನ ಸಂತೋಷದಲ್ಲಿ ಮುಳುಗಿಹೋಗುವ ದಿನಗಳೂ ಇವೆ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ನೋಡಿದರೆ ನನ್ನ ಫೇಸ್‌ಬುಕ್ ತುಂಬ ಹಬ್ಬ. ಕನ್ನಡದ ಸಣ್ಣಕಥೆಗೆ ಆ ಪ್ರಶಸ್ತಿ! ಹಾಸನದವರು, ಮಡಿಕೇರಿಯವರು ನಮ್ಮೂರವರು ನಮ್ಮೂರವರು ಅಂತ ಬರೆಯುತ್ತಿದ್ದರು. ಹಳೆಯ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಫೋಟೋ ಹಾಕುತ್ತಿದ್ದರು. ಅವತ್ತು ನನ್ನ ಅರ್ಧ ಗಂಟೆಯ ಲೆಕ್ಕವನ್ನೆಲ್ಲ ಬಿಟ್ಟು ಎರಡು ಗಂಟೆ ಕೂತೆ. ಕೂತದ್ದಕ್ಕೆ ಬೇಸರ ಇಲ್ಲ.

ಅರ್ಧ ಗಂಟೆಯ ಲೆಕ್ಕ ಅಂದೆನಲ್ಲ, ಅದು ಹೀಗೆ. ನನ್ನ ಫೋನಿನಲ್ಲಿ ಫೇಸ್‌ಬುಕ್ ಇಲ್ಲ. ಕಂಪ್ಯೂಟರಿನಲ್ಲಿ ಮಾತ್ರ, ಸಂಜೆ ಆರೂವರೆಗೆ. ಏಳಕ್ಕೆ ನಮ್ಮ ಅತ್ತೆಯವರಿಗೆ ಮಾತ್ರೆ ಕೊಡಬೇಕು, ಎದ್ದೇ ಏಳಬೇಕು. ಮೊದಲೆಲ್ಲ ಪುಟದ ಕೊನೆ ಅಂತ ಒಂದು ಇರುತ್ತಿತ್ತು, ಮುಂದಿನ ಪುಟ ಬೇಕಾದರೆ ನಾವೇ ಒತ್ತಬೇಕಿತ್ತು. ಬೆರಳು ಎಳೆದಷ್ಟೂ ಮುಗಿಯದ ಪುಟದ ವಿನ್ಯಾಸವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಎಂಬವರು ಆಮೇಲೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟದ್ದಿದೆ. ಅಲ್ಲಿ ಮುಗಿಯುವ ಜಾಗ ಇಲ್ಲದ ಕಾರಣ, ಅದನ್ನು ಮನೆಯಿಂದಲೇ ತೆಗೆದುಕೊಂಡು ಹೋಗಬೇಕು. ನಿಮ್ಮ ಮನೆಯಲ್ಲೂ ಏನಾದರೂ ಇರುತ್ತದೆ. ಹಸು ಕರೆಯುವ ಹೊತ್ತು, ಮಗುವಿನ ಊಟ, ಕೊನೆಯ ಬಸ್ಸು. ಅದರ ಹಿಂದಿನ ಅರ್ಧ ಗಂಟೆಯನ್ನು ಇದಕ್ಕೆ ಇಡಿ. ಬೆಳಗಿನ ಹೊತ್ತನ್ನು ಮಾತ್ರ ಕೊಡಬೇಡಿ. ಅದು ಕಥೆಯದ್ದು.

ಲೈಕ್ ಎಣಿಸುವ ಚಟ ಇದ್ದರೆ ಅಂಕಿಯನ್ನೇ ಮರೆ ಮಾಡಿ. 2021ರ ಮೇ ತಿಂಗಳಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಆ ಅನುಕೂಲ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಫೇಸ್‌ಬುಕ್‌ನಲ್ಲಿ ಯಾರದ್ದಾದರೂ ಬರಹ ನೋಡಿದರೆ ಮನಸ್ಸು ಕೆಡುತ್ತದೆ, ಆದರೆ ಸ್ನೇಹ ಕಡಿಯುವ ಮನಸ್ಸಿಲ್ಲ ಅಂದರೆ ಮೂವತ್ತು ದಿನ ಅವರ ಪೋಸ್ಟ್ ಕಾಣದ ಹಾಗೆ ಮಾಡಬಹುದು. ಅವರಿಗೆ ತಿಳಿಯುವುದಿಲ್ಲ. ನಾನು ಅದನ್ನು ಪ್ರಶಸ್ತಿಯ ಕಾಲದಲ್ಲಿ ಬಳಸಿದ್ದೇನೆ. ತಿಂಗಳು ಕಳೆದ ಮೇಲೆ ಅವರು ಮತ್ತೆ ಕಂಡಾಗ ಖುಷಿಯೇ ಆಗಿದೆ.

ಇನ್‌ಸ್ಟಾಗ್ರಾಂನಲ್ಲಿ ನಾನು ನೋಡುವವಳು ಮಾತ್ರ. ಹಕ್ಕಿ, ಯಕ್ಷಗಾನದ ಮುಖವರ್ಣಿಕೆ, ಮಗ್ಗ, ಹಳೆಯ ಬಾವಿ, ಇಂಥ ಚಿತ್ರ ಹಾಕುವವರನ್ನೇ ಫಾಲೋ ಮಾಡುತ್ತೇನೆ. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ನಿಂತಿತು. ಜುಲೈಯಲ್ಲೇ ಇಲ್ಲಿ ರೀಲ್ಸ್ ಬಂತು. ಆಮೇಲೆ ಗುರುತಿಲ್ಲದವರ ವಿಡಿಯೋಗಳೇ ಜಾಸ್ತಿ ಆದವು. ಅಲ್ಲಿ ಒಂದು ವಿಷಯ ನೆನಪಿರಲಿ. ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನೂ ಅದು ಗಮನಿಸುತ್ತದೆ. ಇಷ್ಟಪಟ್ಟು ನಿಂತಿರೋ, ಸಿಟ್ಟು ಬಂದು ನಿಂತಿರೋ, ಅದಕ್ಕೆ ಭೇದ ಇಲ್ಲ. ಬೇಡದ್ದು ಕಂಡರೆ ಆಸಕ್ತಿ ಇಲ್ಲ ಅಂತ ಒತ್ತಿ, ತಕ್ಷಣ ಮುಂದೆ ಹೋಗಿ. ಹೀಗೆ ಮಾಡುತ್ತಾ ಬಂದರೆ ಕಾಣುವುದು ಸ್ವಲ್ಪ ಬದಲಾಗಬಹುದು.

ವಾಟ್ಸಾಪ್‌ನ ದೊಡ್ಡ ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿದ್ದೇನೆ. ಏಳು ಜನರ ಒಂದು ಚಿಕ್ಕ ಗುಂಪು ಇದೆ, ಅಚ್ಚಾಗದ ಕಥೆ ಓದಿ ತಪ್ಪು ಹೇಳಿಕೊಳ್ಳುವುದಕ್ಕೆ. ನಿಮಗೆ ಒಂದೇ ಒಂದು ಕಡೆ ಇರುವಷ್ಟು ಸಮಯ ಇದ್ದರೆ, ಇಂಥದ್ದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಪ್ರಕಾಶಕರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅವರು ದುಡ್ಡು ಹಾಕಿದ್ದಾರೆ, ನಮ್ಮ ಹೊಸ ಲೇಖಕರ ಪುಸ್ತಕ ಅಂಗಡಿಯ ಕಪಾಟಿನಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದೂ ಅವರಿಗೆ ಗೊತ್ತು. ಮುಖಪುಟ, ಬೆಲೆ, ಪುಸ್ತಕ ಎಲ್ಲಿ ಸಿಗುತ್ತದೆ, ಈ ಮೂರೂ ಇರುವ ಒಂದು ಪೋಸ್ಟನ್ನು ನಿಮ್ಮ ಪುಟದ ಮೇಲ್ಗಡೆ ಪಿನ್ ಮಾಡಿಬಿಡಿ. ಬೇಕಾದವರಿಗೆ ಅಲ್ಲಿ ಸಿಗುತ್ತದೆ. ಅದನ್ನೇ ದಿನಾ ಹೇಳಬೇಕಾಗಿಲ್ಲ. ಪೊರಕೆಯ ಆ ಕಥೆ ಇರುವ ಸಂಕಲನ ಬಂದಾಗ, ಅವತ್ತು ಉತ್ತರ ಕೊಟ್ಟವರಲ್ಲಿ ತುಂಬ ಜನ ತಾವಾಗಿಯೇ ಪುಸ್ತಕ ತರಿಸಿಕೊಂಡರು. ತಾವು ಕೊಟ್ಟ ಪದ ಕಥೆಯಲ್ಲಿ ಇದೆಯಾ ಅಂತ ನೋಡುವ ಆಸೆ. ಕುಂದಾಪುರದ ಒಬ್ಬರು ಐದು ಪ್ರತಿ ತಗೊಂಡು ಅಕ್ಕತಂಗಿಯರಿಗೆಲ್ಲ ಹಂಚಿದರು. ನಾನು ಕೊಳ್ಳಿ ಅಂತ ಕೇಳಿರಲಿಲ್ಲ.

ನಿಮ್ಮ ಕೈಯಲ್ಲಿ ಇರುವುದು ನನ್ನ ಪೊರಕೆಗಿಂತ ದೊಡ್ಡದು. ಚಳ್ಳಕೆರೆಯ ಕಂಬಳಿಯನ್ನು ಹೊದ್ದವರು, ಅದರ ಮೇಲೆ ರಾಶಿ ಹಾಕಿದವರು, ಮಳೆಗೆ ಗೊಪ್ಪೆ ಹಾಕಿಕೊಂಡವರು ಈ ನಾಡಿನ ತುಂಬ ಇದ್ದಾರೆ. ಅವರನ್ನು ಕೇಳಿ. ನಿಮ್ಮ ಮನೆಯ ಹಳೆಯ ಕಂಬಳಿ ಈಗ ಎಲ್ಲಿದೆ? ಅದನ್ನು ಯಾರು ತಂದದ್ದು? ಮದುವೆಯಲ್ಲಿ ಅದನ್ನು ಎಲ್ಲಿ ಹಾಸುತ್ತಿದ್ದರು? ಇನ್ನೊಂದು ವಾರ ಮಗ್ಗದ ಮುಂದೆ ಕೂತ ಕೈಗಳ ಒಂದು ಫೋಟೋ ಹಾಕಿ. ಒಪ್ಪಿಗೆ ಕೇಳಿ ತೆಗೆಯಿರಿ, ಮುಖ ಬೇಡ ಅಂದರೆ ಕೈ ಸಾಕು. ಮಗ್ಗದ ಯಾವ ಭಾಗಕ್ಕೆ ನಿಮ್ಮಲ್ಲಿ ಏನು ಹೆಸರು ಅಂತ ಕೆಳಗೆ ಬರೆಯಿರಿ. ಬೇರೆ ಕಡೆಯ ನೇಕಾರರು ಬಂದು ತಮ್ಮ ಹೆಸರು ಹೇಳುತ್ತಾರೆ. ನಿಮ್ಮ ಎರಡನೇ ಪುಸ್ತಕಕ್ಕೆ ಬೇಕಾದದ್ದು ಅಲ್ಲೇ ಸಿಕ್ಕರೂ ಸಿಗಬಹುದು.

ಕಂಬಳಿಯ ಉಣ್ಣೆ ನೂಲು ಗಟ್ಟಿಯಾಗಲಿ ಅಂತ ಹುಣಸೆ ಬೀಜ ಅರೆದು ಗಂಜಿ ಮಾಡಿ ಹಚ್ಚುತ್ತಾರಲ್ಲ. ಅದಕ್ಕೆ ನಿಮ್ಮ ಮನೆಗಳಲ್ಲಿ ಏನಂತ ಕರೆಯುತ್ತಾರೆ? ಹಚ್ಚುವ ಕುಂಚಕ್ಕೆ ಬೇರೆ ಹೆಸರು ಇದೆಯಾ? ಹೆಂಗಸರೇ ಹಚ್ಚುತ್ತಾರಾ, ಗಂಡಸರೂ ಹಚ್ಚುತ್ತಾರಾ? ನೀವು ಅದನ್ನು ಹಾಕಿದ ದಿನ ನನಗೊಂದು ಮೆಸೇಜ್ ಕಳಿಸಿ, ಆರೂವರೆಗೆ ಬಂದು ಓದುತ್ತೇನೆ.